ತಲೆಯ ಮೇಲೆ ಮೊಳೆತ ಬೀಜ

ಕತಾಯಾಪ್, ಖೊರೆಜ್ಮ್
ಏಪ್ರಿಲ್ ೩, ೧೯೮೪

ಮಗಳೇ ಅನಜಾನ್,

ಕಾಗದ ಬರೆಯುವವನು ಮೊದಲು ಯೋಗಕ್ಷೇಮ ತಿಳಿಸಬೇಕು ಎಂದು ನಮ್ಮೂರ ಶಾಲೆಯ ಮೇಷ್ಟ್ರು ಕಿವಿ ಹಿಂಡಿ ಕಲಿಸಿದ್ದರು. ಆದ್ದರಿಂದ ತಿಳಿಸುತ್ತೇನೆ. ನಾನು ಚೆನ್ನಾಗಿದ್ದೇನೆ. ನಾಯಿ ಓಲಾ ಚೆನ್ನಾಗಿದ್ದಾನೆ. ಕಿವಿ ಹರಿದ ಬೆಕ್ಕು ಚೆನ್ನಾಗಿದೆ. ಕತ್ತೆ ನಮ್ಮೆಲ್ಲರಿಗಿಂತ ಚೆನ್ನಾಗಿದೆ. ನೀನು, ನಿನ್ನ ಗಂಡ ಎರ್ಗಾಶ್, ಚುಸ್ತ್ ಊರಿನ ನಿನ್ನ ಅತ್ತೆ, ಮಾವ ಎಲ್ಲರೂ ಹಾಗೇ ಇದ್ದೀರೆಂದು ನಂಬಿದ್ದೇನೆ. ಮುಗಿಯಿತು. ಈಗ ವಿಷಯ.

ಬೀಜ ನೆನೆಹಾಕಿದೆ!

ನಿನ್ನಜ್ಜಿಯ ಬೀಜ. ನಮ್ಮಮ್ಮ ಬಿಕಜಾನ್ ಹೋದ ಚಳಿಗಾಲದಲ್ಲಿ ಕಣ್ಣು ಮುಚ್ಚುವ ಎರಡು ದಿನ ಮೊದಲು ಗಂಟು ಬಿಚ್ಚಿ, ‘ಇಪ್ಪತ್ತು ನಿಂಗೆ, ಇಪ್ಪತ್ತು ಅನಜಾನ್‌ಗೆ, ಸಾಯಿಸಬೇಡಿ’ ಎಂದದ್ದು ಇನ್ನೂ ಕಿವಿಯಲ್ಲಿದೆ. ಅವಳ ಹೆಸರು ಹೊತ್ತ ಖರಬೂಜ ಈ ನಲವತ್ತು ಬೀಜಗಳಲ್ಲಿ ಬಿಟ್ಟು ಭೂಮಿಯ ಮೇಲೆ ಬೇರೆಲ್ಲೂ ಇಲ್ಲ. ಬೀಜವೂ ಹಳೆಯದು, ಅವಳು ಹಾಸಿಗೆ ಹಿಡಿದ ಮೇಲೆ ಯಾರೂ ಬಿತ್ತಲಿಲ್ಲ. ಈ ವರ್ಷ ಮೊಳೆತರೆ ಮೊಳೆಯಿತು, ಇಲ್ಲದಿದ್ದರೆ ಇಲ್ಲ. ಹೆದರಬೇಡ. ನಾನಿದ್ದೇನೆ. ಈ ಜಿಲ್ಲೆಯಲ್ಲಿ ಖರಬೂಜ ಬೆಳೆಯುವವರು ಸಾವಿರ ಜನ ಇರಬಹುದು, ಖರಬೂಜ ತಾನಾಗಿ ಹುಡುಕಿಕೊಂಡು ಬರುವುದು ಬೆಕ್ಚಾನನನ್ನು ಮಾತ್ರ.

ಹೆಂಗಸರು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮೈಶಾಖದಲ್ಲಿ ಮೊಳೆಸುತ್ತಾರೆ. ನೀನೂ ಹಾಗೇ ಮಾಡು. ನನಗೆ ಅದಕ್ಕಿಂತ ಒಳ್ಳೆಯ ಜಾಗ ಸಿಕ್ಕಿದೆ: ನನ್ನ ಟೋಪಿ! ಒಳಗೆ ಕುಲಾವಿ, ಹೊರಗೆ ಒಂದು ಇಡೀ ಕುರಿಯ ತುಪ್ಪಳ, ನಡುವೆ ಇಪ್ಪತ್ತು ಬೀಜದ ಗಂಟು. ಕೆಳಗೆ ನನ್ನ ಮಿದುಳು ಒಲೆಯಂತೆ ಉರಿಯುತ್ತಿರುತ್ತದೆ. ನಿನ್ನೆಯಿಂದ ತೆಗೆದಿಲ್ಲ. ಪಕ್ಕದ ಮನೆಯ ಖುದೈನಜರ್ ಗೋಡೆಯ ಮೇಲಿಂದ ಇಣುಕಿದ.

‘ಏನ್ ಬೆಕ್ಚಾನ್, ಮನೇಲೂ ಟೋಪಿ? ಇದ್ದ ನಾಕು ಕೂದ್ಲೂ ಉದುರಿಹೋಯ್ತಾ?’

‘ಕಾವು ಕೂತಿದೀನಿ, ಗಲಾಟೆ ಮಾಡ್ಬೇಡ.’

‘ಮರಿ ಯಾವ ಜಾತೀದು?’

‘ನಿನ್ನಂಥದ್ದು ಬರ್ದೇ ಇದ್ರೆ ಸಾಕು.’

ನಾಡಿದ್ದು ಗುರ್ಲಾನಿನಲ್ಲಿ ಮದುವೆ. ಕುಸ್ತಿ ಇದೆ. ನೋಡಲು ಮಾತ್ರ ಹೋಗುತ್ತೇನೆ. ಆದರೆ ಜನ ಬಲವಂತ ಮಾಡಿದರೆ ಏನು ಮಾಡಲಿ, ಐವತ್ತೆರಡು ಕುಸ್ತಿಗೆ ವಯಸ್ಸೇ? ಬಂದ ಮಾರನೆಯ ಬೆಳಗ್ಗೆ ಬಿತ್ತನೆ. ನಿನ್ನ ಬಳ್ಳಿಗೂ ನನ್ನ ಬಳ್ಳಿಗೂ ಪಂದ್ಯ!

ನಿನ್ನ ಸೋದರಮಾವ,
ಬೆಕ್ಚಾನ್


ಚುಸ್ತ್
ಏಪ್ರಿಲ್ ೨೨, ೧೯೮೪

ಮಾವಾ,

ಇಪ್ಪತ್ತಕ್ಕೆ ಇಪ್ಪತ್ತೂ!

ನಾಲ್ಕು ದಿನ ಗಂಟನ್ನು ಸೊಂಟದಲ್ಲಿಟ್ಟುಕೊಂಡು ಓಡಾಡಿದೆ. ರೊಟ್ಟಿ ಬಡಿಯುವಾಗ ಬಗ್ಗಿದರೆ ಚುಚ್ಚುತ್ತಿತ್ತು. ನಮ್ಮತ್ತೆ ಎರಡು ದಿನ ಸುಮ್ಮನೆ ನೋಡಿದರು, ಮೂರನೆಯ ದಿನ ಕೇಳಿಯೇಬಿಟ್ಟರು.

‘ಸೊಸೆ, ಅಲ್ಲೇನು ಬಚ್ಚಿಟ್ಟಿದೀಯ?’

‘ಅಜ್ಜಿ.’

ಅವರಿಗೆ ಅರ್ಥವಾಗಲಿಲ್ಲ. ಗಂಟು ಬಿಚ್ಚಿ ತೋರಿಸಿದೆ. ಬಿಳಿ ಬಾಲಗಳು ಹೊರಬಂದಿದ್ದವು. ನಿಮ್ಮ ಟೋಪಿಯ ವಿಷಯ ಹೇಳಿದೆ. ನಮ್ಮತ್ತೆ ನಕ್ಕದ್ದನ್ನು ನಾನು ಈ ಮನೆಗೆ ಬಂದ ಮೇಲೆ ಮೊದಲ ಸಲ ನೋಡಿದೆ. ‘ಖೊರೆಜ್ಮ್‌ನೋರು ಬೀಜಾನ ತಲೆ ಮೇಲಿಡ್ತಾರಾ? ಹಾಗಿದ್ರೆ ಟೋಪೀನ ನೆಲದಲ್ಲಿ ನೆಡ್ತಾರೇನೋ!’ ಎಂದರು. ಆಮೇಲೆ ತಾವೇ ಹೋಗಿ ದಾಳಿಂಬೆಯ ಪಕ್ಕದ ಪಾತಿಯಲ್ಲಿದ್ದ ತಮ್ಮ ಮೂಲಂಗಿಯನ್ನೆಲ್ಲ ಕಿತ್ತು, ‘ಇದು ನಿಂದು’ ಎಂದರು. ಮಾವಾ, ಇಲ್ಲಿಗೆ ಬಂದು ಏಳು ತಿಂಗಳಾಯಿತು. ಈ ಮನೆಯಲ್ಲಿ ನನ್ನದು ಎಂದು ಯಾರಾದರೂ ಹೇಳಿದ ಮೊದಲ ವಸ್ತು ಆ ಪಾತಿ.

ಈಗ ಎಲ್ಲವೂ ಎರಡೆಲೆ ಬಿಟ್ಟು ಚಪ್ಪಾಳೆ ತಟ್ಟುವ ಮಕ್ಕಳ ಹಾಗೆ ನಿಂತಿವೆ.

ಇನ್ನೊಂದು ಸುದ್ದಿ. ಎರ್ಗಾಶ್ ನನಗೊಂದು ಆಮೆ ತಂದುಕೊಟ್ಟಿದ್ದಾರೆ! ಗುಡ್ಡದಿಂದ ಬರುವಾಗ ಜೇಬಿನಲ್ಲಿಟ್ಟುಕೊಂಡು ಬಂದರು. ಅವರಿಗೆ ಮಾತು ಕಡಿಮೆ. ಅಂಗಳದಲ್ಲಿ ನನ್ನ ಮುಂದೆ ಇಟ್ಟು, ‘ನಿಂಗೆ ಬೇಜಾರಾಗ್ಬಾರ್ದು ಅಂತ’ ಎಂದು ಹೇಳಿ ಕೈಕಾಲು ತೊಳೆಯಲು ಹೋದರು. ನಿಧಾನವಾಗಿ ಬಂದು ಎಲ್ಲರ ಪಾತಿಯಲ್ಲೂ ಬಾಯಾಡಿಸಿ ಹೋಗುತ್ತದೆ ಎಂದು ನಮ್ಮ ಮಾವನವರು ಅದಕ್ಕೆ ‘ಅಧ್ಯಕ್ಷರು’ ಎಂದು ಹೆಸರಿಟ್ಟಿದ್ದಾರೆ.

ನಿಮ್ಮ ಬೀಜ ಎಷ್ಟು ಮೊಳೆತವು? ಕುಸ್ತಿ ಗೆದ್ದಿರಾ?

ನಿಮ್ಮ
ಅನಜಾನ್


ಕತಾಯಾಪ್
ಮೇ ೬, ೧೯೮೪

ಮಗಳೇ,

ಕುಸ್ತಿ ಗೆದ್ದೆ. ಎದುರಾಳಿ ಎಷ್ಟು ಜೋರಾಗಿ ಸೋತನೆಂದರೆ ನನ್ನ ಬೆನ್ನಿಗೆ ಸ್ವಲ್ಪ ಮಣ್ಣು ಹತ್ತಿತು.

ಬೀಜ ಇಪ್ಪತ್ತಲ್ಲ, ಇಪ್ಪತ್ತೊಂದು ಮೊಳೆತವು! ಒಂದರೊಳಗೆ ಎರಡಿತ್ತು. ಈಗ ಒಂದೊಂದಕ್ಕೂ ನಾಲ್ಕೆಲೆ. ನಿನ್ನ ಅಂಗೈಯಷ್ಟಗಲ ಎಂದು ಬರೆಯುತ್ತಿದ್ದೆ, ತಪ್ಪು, ನನ್ನ ಅಂಗೈಯಷ್ಟು. ಕೆಲವನ್ನು ಒಂಟೆಮುಳ್ಳಿನ ಬೇರು ಸೀಳಿ ಅದರೊಳಗೇ ಕೂರಿಸಿದ್ದೇನೆ. ಆ ಬೇರು ಎಷ್ಟು ಆಳದ ನೀರು ಕುಡಿಯುತ್ತದೋ ದೇವರಿಗೇ ಗೊತ್ತು, ನಾನು ಕಾಲುವೆಯ ಕಡೆ ತಿರುಗಿಯೂ ನೋಡುವುದಿಲ್ಲ.

ಓಲಾನಿಗೆ ಏನಾಗಿದೆಯೋ ತಿಳಿಯದು. ಮದುವೆಯಿಂದ ಬಂದ ದಿನದಿಂದ ನನ್ನನ್ನು ಕಂಡರೆ ಬೊಗಳುತ್ತಾನೆ. ಎಂಟು ವರ್ಷ ಅನ್ನ ಹಾಕಿದವನನ್ನು ಬಾಗಿಲಲ್ಲಿ ತಡೆಯುತ್ತಾನೆ. ಟೋಪಿ ತೆಗೆದರೆ ಬಾಲ ಅಲ್ಲಾಡಿಸುತ್ತಾನೆ, ಹಾಕಿದರೆ ಹಲ್ಲು ತೋರಿಸುತ್ತಾನೆ. ವಯಸ್ಸಾಯಿತು ಅನ್ನಿಸುತ್ತದೆ, ನಾಯಿಗೆ.

ಒಂದು ಸಣ್ಣ ಮಾತು. ನಿನ್ನ ಇಪ್ಪತ್ತರಲ್ಲಿ ಬಿತ್ತದೆ ಉಳಿದದ್ದು ಎಲ್ಲಾದರೂ, ಪೆಟ್ಟಿಗೆಯ ಮೂಲೆಯಲ್ಲಿ, ಬಟ್ಟೆಯ ಮಡಿಕೆಯಲ್ಲಿ ಇದ್ದರೆ ನಾಲ್ಕೈದು ಕಳಿಸು. ನನಗೇನೂ ಬೇಕಿಲ್ಲ. ಹೋಲಿಸಿ ನೋಡಲು.

ಇನ್ನೊಂದು ಇನ್ನೂ ಸಣ್ಣ ಮಾತು. ನಿನ್ನ ಮದುವೆಗೆ ನದಿಯಾಚೆಯಿಂದ ತುಂಬ ಜನ ಬಂದಿದ್ದರಲ್ಲ, ಅವರಲ್ಲಿ ಟೋಪಿಯ ಒಳಗೆ ನೀಲಿ ಹೂವಿನ ಬಟ್ಟೆಯ ತೇಪೆ ಹಾಕಿಸಿಕೊಂಡವರು ಯಾರಾದರೂ ಇದ್ದರೇ? ಯಾಕೆ ಎಂದು ಕೇಳಬೇಡ. ತೋಟಕ್ಕೆ ಸಂಬಂಧಿಸಿದ್ದಲ್ಲ.

ಬೆಕ್ಚಾನ್ ಮಾವ


ಚುಸ್ತ್
ಮೇ ೨೪, ೧೯೮೪

ಮಾವಾ,

ನಾಲ್ಕೆಲೆ ಎಂದು ಓದಿ ಸಂತೋಷವಾಯಿತು. ಉಳಿದ ಬೀಜ ಒಂದೂ ಇಲ್ಲ. ಎಲ್ಲವನ್ನೂ ಬಿತ್ತಿದ್ದೆ.

ಇಲ್ಲೂ ಎಲ್ಲ ಚೆನ್ನಾಗಿದೆ. ಬಳ್ಳಿಗಳು ಇವೆ. ಹಬ್ಬುತ್ತಿವೆ. ಅಧ್ಯಕ್ಷರೂ ಚೆನ್ನಾಗಿದ್ದಾರೆ. ದಪ್ಪಗಾಗಿದ್ದಾರೆ.

ನಿಮ್ಮ ಬಳ್ಳಿ ಹಣ್ಣು ಬಿಟ್ಟ ಕೂಡಲೇ, ಮೊದಲ ಹಣ್ಣಿನ ಬೀಜವನ್ನು ಮೊದಲ ಅಂಚೆಯಲ್ಲೇ ಕಳಿಸುತ್ತೀರಾ? ನನಗಲ್ಲ. ಇಲ್ಲಿ ಪಕ್ಕದ ಮನೆಯ ಸಲೋಮತ್ ಕೇಳುತ್ತಿದ್ದಾಳೆ. ಮರೆಯಬೇಡಿ. ಎರಡು ಲಕೋಟೆಯಲ್ಲಿ ಹಾಕಿ ಕಳಿಸಿ, ಒಂದು ಕಳೆದರೂ ಇನ್ನೊಂದು ಬರಲಿ.

ಟೋಪಿಯ ಒಳಗೆ ನಾನು ನೋಡಿಲ್ಲ. ಮದುಮಗಳು ತಲೆ ಎತ್ತಿ ನೋಡುತ್ತಾಳೆಯೇ?

ಅನಜಾನ್


ಕತಾಯಾಪ್
ಜೂನ್ ೧೨, ೧೯೮೪

ಮಗಳೇ ಅನಜಾನ್!

ಹಣ್ಣು ಬಿಟ್ಟಿವೆ! ಕತ್ತೆಯ ತಲೆಯಷ್ಟು! ಕತ್ತೆಯೇ ನಾಚಿಕೊಂಡು ಆ ಕಡೆ ಹೋಗುವುದಿಲ್ಲ. ಬಳ್ಳಿ ಗೋಡೆ ಹತ್ತಿ ಖುದೈನಜರನ ಮನೆಗೆ ಇಳಿದು ಅವನ ಹೆಂಡತಿಯ ಚಹಾ ಕೆಟಲ್ಲನ್ನು ಸುತ್ತಿಕೊಂಡಿತು. ಕತ್ತರಿಸಬೇಡಿ ಎಂದು ನಾನೇ ಹೇಳಿದ್ದೇನೆ. ಸಲೋಮತ್‌ಗೆ ಹೇಳು, ಒಂದು ಲಕೋಟೆಯಲ್ಲ, ಮೂಟೆ ಕಳಿಸುತ್ತೇನೆ.

ನಾನು ಈ ನಡುವೆ ಸ್ವಲ್ಪ ತಿರುಗಾಟದಲ್ಲಿದ್ದೇನೆ. ಹನ್ನೊಂದು ಹಳ್ಳಿ, ಏಳು ಮದುವೆ. ಎಲ್ಲ ಕಡೆಯೂ ಗಂಡಸರ ಟೋಪಿ ತೆಗೆಸಿ ಒಳಗೆ ನೋಡುತ್ತೇನೆ. ಜನ ನನ್ನನ್ನು ಹೇನಿನ ಡಾಕ್ಟರ್ ಎಂದು ಕರೆಯತೊಡಗಿದ್ದಾರೆ. ಕಾರಣ ದೊಡ್ಡದು, ಬರೆಯಲು ಹಾಳೆ ಸಾಲದು.

ಮುಂದಿನ ಕಾಗದವನ್ನು ನದಿಯಾಚೆ ಬೋಜ್‌ಯಾಪ್ ಹಳ್ಳಿಯ ಅತಾಮುರಾದನ ಮನೆಗೆ ಬರೆ. ಹೊಸ ಸ್ನೇಹಿತ. ಒಂದು ಟೋಪಿಯ ವಿಷಯದಲ್ಲಿ ಪರಿಚಯವಾಯಿತು. ಅಲ್ಲಿ ಕೆಲವು ದಿನ ಇರುತ್ತೇನೆ. ಓಲಾನೂ ಜೊತೆಗಿರುತ್ತಾನೆ. ಅವನಿಗೀಗ ನನ್ನ ಮೇಲಿನ ಸಿಟ್ಟು ಪೂರ್ತಿ ಇಳಿದಿದೆ. ಕತ್ತೆ, ಬೆಕ್ಕನ್ನು ಖುದೈನಜರ್ ನೋಡಿಕೊಳ್ಳುತ್ತಾನೆ.

ಬೆಕ್ಚಾನ್


ಚುಸ್ತ್
ಜುಲೈ ೩, ೧೯೮೪

ಮಾವಾ,

ಏಪ್ರಿಲ್‌ನಲ್ಲಿ ಬಿತ್ತಿದ ಚಳಿಗಾಲದ ಖರಬೂಜ ಜೂನ್ ಹನ್ನೆರಡಕ್ಕೆ ಕತ್ತೆಯ ತಲೆಯಷ್ಟಾಗುವುದಿಲ್ಲ. ನನಗೂ ಅಜ್ಜಿಯೇ ಕಲಿಸಿದ್ದು. ಆ ಹೊತ್ತಿಗೆ ಹೂವು, ಹೆಚ್ಚೆಂದರೆ ಹೀಚು. ಪೂರ್ತಿ ಬಲಿಯುವುದು ಸೆಪ್ಟೆಂಬರ್ ಕೊನೆಗೆ, ಚಳಿಗಾಲವಿಡೀ ಕೆಡದಿರಲೆಂದು ಜೊಂಡಿನ ಬಲೆಯಲ್ಲಿ ಕಟ್ಟಿ ತೂಗುಹಾಕುವ ಕಾಲಕ್ಕೆ. ಅಂಥ ಬೆಳೆ ಇದ್ದರೆ ನೀವು ಅದನ್ನು ಬಿಟ್ಟು ನದಿಯಾಚೆ ಯಾಕಿದ್ದೀರಿ? ನೀವು ಬಳ್ಳಿ ಬಿಟ್ಟು ಚಹಾದಂಗಡಿಗೂ ಹೋಗುವವರಲ್ಲ.

ನಿಮ್ಮನ್ನು ಬೈಯಲು ಕೂತೆ. ಬೈಯುವ ಮುಖ ನನಗಿಲ್ಲ. ಆದ್ದರಿಂದ ನಾನೇ ಮೊದಲು ಹೇಳುತ್ತೇನೆ.

ನನ್ನ ಪಾತಿಯಲ್ಲಿ ಏನೂ ಇಲ್ಲ. ಮೇ ತಿಂಗಳ ಮೊದಲ ವಾರದಲ್ಲೇ ಹೋಯಿತು. ನಾವೆಲ್ಲ ಹಿತ್ತಲ ಒಲೆಯ ಹತ್ತಿರ ರೊಟ್ಟಿ ಸುಡುತ್ತಿದ್ದೆವು. ಬುಟ್ಟಿ ತುಂಬುವಷ್ಟರಲ್ಲಿ ಆಮೆ ಸಾಲಿನ ಈ ತುದಿಯಿಂದ ಆ ತುದಿಗೆ ನಡೆದಿತ್ತು. ಇಪ್ಪತ್ತೂ ಸಸಿ. ಕೊನೆಯದರ ಎಲೆ ಅದರ ಬಾಯಿಂದ ಇನ್ನೂ ನೇತಾಡುತ್ತಿತ್ತು. ನಾನು ಹಿಟ್ಟಿನ ಕೈಯಲ್ಲೇ ಕೂತು ಅತ್ತೆ.

ನಿಮಗೆ ಬರೆಯಲಿಲ್ಲ. ಬರೆದರೆ ‘ಎತ್ತಿ ಕಾಲುವೆಗೆ ಎಸೆ’ ಅನ್ನುತ್ತೀರಿ. ನನ್ನಿಂದ ಆಗುವುದಿಲ್ಲ, ಮಾವಾ. ಎರ್ಗಾಶ್ ನನಗಾಗಿ ತಂದದ್ದು ಅದೊಂದೇ. ಪಾಪ, ಅವರು ಮಾರನೆಯ ದಿನವಿಡೀ ಮುಳ್ಳಿನ ಬೇಲಿ ಕಟ್ಟಿದರು, ಖಾಲಿ ಪಾತಿಯ ಸುತ್ತ. ಸಲೋಮತ್ ಎಂಬ ಹೆಂಗಸು ಈ ಬೀದಿಯಲ್ಲೇ ಇಲ್ಲ.

ನಮ್ಮತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪಕ್ಕದಲ್ಲಿ ಕೂತು, ‘ನಿಮ್ಮ ಮಾವನ ಹತ್ರ ಇಪ್ಪತ್ತಿದೆಯಲ್ಲ? ಮುಂದಿನ್ವರ್ಷಕ್ಕೆ ತರಿಸು, ಪಾತಿ ಹಾಗೇ ಬಿಡ್ತೀನಿ’ ಎಂದರು. ಇವತ್ತಿಗೂ ಅಲ್ಲಿ ಏನೂ ನೆಟ್ಟಿಲ್ಲ. ನೀರಿನ ಸರದಿ ಬಂದಾಗ ಆ ಖಾಲಿ ಮಣ್ಣಿಗೂ ನೀರು ಬಿಡುತ್ತಾರೆ.

ಅಜ್ಜಿಯದೆಂದು ಇನ್ನು ಉಳಿದಿರುವುದು ನಿಮ್ಮ ತೋಟದಲ್ಲಿರುವುದು ಮಾತ್ರ. ಇಪ್ಪತ್ತೊಂದು ಬೇಡ, ಎಷ್ಟಿದ್ದರೆ ಅಷ್ಟು. ನಿಜವಾಗಿ ಎಷ್ಟಿವೆ?

ಅನಜಾನ್


ಬೋಜ್‌ಯಾಪ್
ಜುಲೈ ೨೨, ೧೯೮೪

ಮಗಳೇ,

ಒಂದು.

ಕೂತುಕೊಂಡು ಓದು.

ಕುಸ್ತಿಯಲ್ಲಿ ಸೋತೆ. ಅಖಾಡಕ್ಕೆ ಇಳಿಯುವ ಮುನ್ನ ಎಲ್ಲರಂತೆ ನಾನೂ ಟೋಪಿಯನ್ನು ಹಿಪ್ಪುನೇರಳೆಯ ಕೊಂಬೆಗೆ ಸಿಕ್ಕಿಸಿದೆ. ಕೊಂಬೆಯ ತುಂಬ ಕರಿ ಟೋಪಿಗಳು, ಕುರಿ ಹಿಂಡು ಮರ ಹತ್ತಿ ಕೂತ ಹಾಗೆ. ಮಣ್ಣು ಕೊಡವಿಕೊಂಡು ಎದ್ದಾಗ ನಾಚಿಕೆಯಿಂದ ಕೈಗೆ ಸಿಕ್ಕಿದ ಟೋಪಿ ಎಳೆದು ತಲೆಗೆ ಹಾಕಿಕೊಂಡು ಮನೆಗೆ ಬಂದೆ. ಮನೆಯಲ್ಲಿ ಟೋಪಿ ತೆಗೆದರೆ ಒಳಗೆ ಗಂಟಿಲ್ಲ. ನೀಲಿ ಹೂವಿನ ತೇಪೆ ಇದೆ. ನಾಯಿಗೆ ಬಾಗಿಲಲ್ಲೇ ಗೊತ್ತಾಗಿತ್ತು, ಇದು ಬೇರೆಯವನ ತಲೆಯ ವಾಸನೆ ಎಂದು. ಮನುಷ್ಯನಿಗೆ ಗೊತ್ತಾಗಲಿಲ್ಲ. ಇಪ್ಪತ್ತು ಬೀಜ ಯಾರದೋ ತಲೆಯ ಮೇಲೆ ಕೂತು ಎಲ್ಲಿಗೋ ಹೋದವು. ನನ್ನ ತೋಟದಲ್ಲಿ ಈ ವರ್ಷ ಈರುಳ್ಳಿ ಬಿಟ್ಟು ಏನಿಲ್ಲ.

ಎರಡು ತಿಂಗಳು ಹುಡುಕಿದೆ. ಜೂನ್ ಮೊದಲಲ್ಲಿ ಇಲ್ಲಿಗೆ ಬಂದು ಟೋಪಿ ತಿರುಗಿಸಿ ತೋರಿಸಿದ್ದೇ ತಡ, ಒಬ್ಬ ಹೆಂಗಸು ಕೂಗಿದಳು: ‘ಅಯ್ಯೋ, ಅದು ನನ್ನ ಮದುವೆ ಅಂಗಿ ತುಂಡು!’ ಅವಳೇ ಓಯ್ಜಮಾಲ್, ಅತಾಮುರಾದನ ಹೆಂಡತಿ. ನಾನು ಕೇಳಿದೆ, ‘ತಂಗೀ, ನನ್ನ ಟೋಪೀಲಿ ಒಂದು ಗಂಟಿತ್ತಲ್ಲ?’

‘ಇತ್ತಪ್ಪ! ಇವರು ತಲೆ ಕಡೀತಿದೆ, ತಲೆ ಕಡೀತಿದೆ ಅಂತ ಗೋಳಾಡಿದ್ರು. ಬಿಚ್ಚಿ ನೋಡಿದ್ರೆ ಬಿಳೀ ಹುಳ. ಥೂ ಅಂತ ತಿಪ್ಪೆಗೆ ಕೊಡವಿದೆ.’

ಹುಳವಂತೆ! ಓಡಿದೆ. ರೊಟ್ಟಿ ಒಲೆಯ ಗೋಡೆಗೆ ಒತ್ತಿಕೊಂಡಿರುವ ತಿಪ್ಪೆ. ಬಹುಪಾಲನ್ನು ಅವಳ ಕೋಳಿಗಳು ಅವತ್ತೇ ಹೆಕ್ಕಿದ್ದವು. ಆದರೆ ಒಲೆಯ ಬಿಸಿಗೆ ಬೆನ್ನು ಕೊಟ್ಟು ಒಂದೇ ಒಂದು ಬಳ್ಳಿ ಎದ್ದಿತ್ತು. ಅನಜಾನ್, ಆ ಎಲೆ ನೋಡಿದೊಡನೆ ಗೊತ್ತಾಯಿತು. ಅಂಚಿನ ಆ ಸುಕ್ಕು, ನಮ್ಮಮ್ಮ ಸಿಟ್ಟಾದಾಗ ಹುಬ್ಬು ಗಂಟಿಕ್ಕುತ್ತಿದ್ದಳಲ್ಲ, ಅದೇ. ಮೂರು ಹೀಚು ಬಿಟ್ಟಿತ್ತು. ಓಲಾನನ್ನು ತಬ್ಬಿಕೊಂಡು ಕುಣಿದೆ. ಇವರೆಲ್ಲ ನಾನು ಟೋಪಿ ಸಿಕ್ಕಿದ ಸಂತೋಷಕ್ಕೆ ಕುಣಿಯುತ್ತಿದ್ದೇನೆ ಎಂದುಕೊಂಡರು.

ಅಲ್ಲೇ ನಿಜ ಹೇಳಬೇಕಿತ್ತು. ಬಾಯಿ ಕೇಳಬೇಕಲ್ಲ. ಅತಾಮುರಾದ್, ‘ಆ ಗಂಟಲ್ಲಿ ಏನಿತ್ತಣ್ಣ, ಬೆಲೆಬಾಳೋದಾ?’ ಎಂದು ಕೇಳಿದ. ನಾನು ಎದೆಯುಬ್ಬಿಸಿ, ‘ಛೇ, ನಾಕು ಖರಬೂಜದ ಬೀಜ. ನಮ್ಮನೇಲಿ ಅಂಥ ಬಳ್ಳಿ ನೂರಿದೆ’ ಎಂದುಬಿಟ್ಟೆ. ಕುಸ್ತಿಯಲ್ಲಿ ನನ್ನನ್ನು ಕೆಡವಿದವನು ಅವನೇ! ಅವನೆದುರು ಇನ್ನೇನು ಹೇಳಲಿ?

ಈಗ ಕಷ್ಟ ಕೇಳು. ಇವನಷ್ಟು ಧಾರಾಳಿ ಮನುಷ್ಯ ಅಮು ನದಿಯ ಎರಡೂ ದಂಡೆಯಲ್ಲಿಲ್ಲ. ಅಂಗಳದಲ್ಲಿ ಅತಿಥಿಯ ನೆರಳು ಬಿದ್ದರೆ ಸಾಕು, ಹಣ್ಣು ಕೊಯ್ಯಲು ಚಾಕು ತೆಗೆಯುತ್ತಾನೆ. ಕಳೆದ ವಾರ ನಾನು ‘ಈ ಬಳ್ಳಿ ಚೆನ್ನಾಗಿ ಬಂದಿದೆ’ ಎಂದು ಹೊಗಳಿದೆ. ಹೊಗಳುವುದೇ? ನನ್ನ ಬುದ್ಧಿಗೆ ಬೆಂಕಿ ಬೀಳಲಿ! ಬಾಯಿ ಮುಚ್ಚುವ ಮೊದಲೇ ಒಂದನ್ನು ಕೊಯ್ದು ಮುಂದಿಟ್ಟ. ‘ಅತಿಥಿ ಬಾಯಿಂದ ಬಂದ್ಮೇಲೆ ಮುಗೀತು, ತಿನ್ನಣ್ಣ.’ ಸೌತೆಕಾಯಿಗಿಂತ ಸಪ್ಪೆ. ಒಳಗೆ ಬೀಜವಿಲ್ಲ, ಬಿಳಿ ಸಿಪ್ಪೆ ಮಾತ್ರ. ಅಳುತ್ತಾ ತಿಂದೆ. ‘ನೋಡೇ, ಎಷ್ಟು ಹಿಡಿಸ್ತು ಅಂತ!’ ಎಂದು ಹೆಂಡತಿಗೆ ತೋರಿಸಿದ. ಎರಡನೆಯದು ಮೊನ್ನೆ, ದಾರಿ ಕೇಳಲು ನಿಂತ ಟ್ರ್ಯಾಕ್ಟರ್ ಚಾಲಕನಿಗೆ ಹೋಯಿತು. ಅವನು ದಾರಿಯಷ್ಟೇ ಕೇಳಿದ್ದ!

ಉಳಿದದ್ದು ಒಂದು. ಅತಿಥಿಗೆ ಕೊಯ್ಯಬೇಡ ಎಂದು ಮನೆಯ ಯಜಮಾನನಿಗೆ ಹೇಳುವುದು ಹೇಗೆ? ಜಿಪುಣ ಎಂದು ಮುಖಕ್ಕೆ ಬೈದಂತೆ. ಬಳ್ಳಿಯೂ ಅವನದೇ, ತಿಪ್ಪೆಯೂ ಅವನದೇ. ಹಗಲೆಲ್ಲ ಅದರ ಮುಂದೆ ಕೂತಿರುತ್ತೇನೆ. ಎಲೆ ಎಳೆದು ಮುಚ್ಚುತ್ತೇನೆ. ಯಾರಾದರೂ ಬಂದರೆ ಓಲಾನಿಗೆ ಸನ್ನೆ ಮಾಡುತ್ತೇನೆ, ಅವನು ಹೋಗಿ ಹಣ್ಣಿನ ಮೇಲೆ ಅಡ್ಡ ಮಲಗುತ್ತಾನೆ. ಅತಿಥಿ ಎಷ್ಟು ದಿನ ಇರಬಹುದು? ನಾಚಿಕೆಗೆ ಇವರ ಟೊಮೆಟೊ ಪಾತಿಗೆಲ್ಲ ಕಳೆ ಕಿತ್ತೆ, ದ್ರಾಕ್ಷಿ ಚಪ್ಪರ ಕಟ್ಟಿದೆ, ಮೊಲದ ಗೂಡು ರಿಪೇರಿ ಮಾಡಿದೆ. ಇನ್ನೂ ಎರಡು ತಿಂಗಳು ಹೇಗೆ ಕಳೆಯಲಿ? ಬೇಗ ಬರೆ.

ಆಮೆಯನ್ನು ಇಟ್ಟುಕೋ. ನಾನು ಯಾರನ್ನು ಯಾವ ಬಾಯಿಂದ ಬೈಯಲಿ?

ಬೆಕ್ಚಾನ್


ಚುಸ್ತ್
ಆಗಸ್ಟ್ ೮, ೧೯೮೪

ಮಾವಾ,

ಮೊದಲು ಸಿಟ್ಟು ಬಂತು. ಆಮೇಲೆ ನಮ್ಮತ್ತೆಗೆ ಓದಿ ಹೇಳಿದೆ. ಬಿಳಿ ಹುಳ ಎಂಬಲ್ಲಿಗೆ ಬಂದಾಗ ಅವರು ನಕ್ಕು ನಕ್ಕು ಚಹಾ ಬಟ್ಟಲು ಚೆಲ್ಲಿಕೊಂಡರು. ಒಂದು ಹಣ್ಣು ಎಂಬಲ್ಲಿ ಅದೇ ಸಾಲನ್ನು ಇನ್ನೊಮ್ಮೆ ಓದಿಸಿದರು.

‘ನಿಮ್ಮಾವನಿಗೆ ಬಾಯಿಲ್ವಾ?’ ಎಂದರು ಅತ್ತೆ.

‘ಇದೆ. ಅದೇ ಕಷ್ಟ’ ಎಂದೆ.

ನನಗೆ ಸುಳ್ಳು ಬರೆದಿರಿ, ಪರವಾಗಿಲ್ಲ, ನಾನು ನಿಮ್ಮವಳು. ಅವರಿಗೆ ನಿಜ ಹೇಳಿ. ನೀವು ಹೇಳಲು ನಾಚುತ್ತಿರುವುದು ನಿಮ್ಮ ಸೋಲನ್ನು. ಕಳೆದುಹೋಗುತ್ತಿರುವುದು ಅಜ್ಜಿ. ನಾಯಿಯನ್ನು ಅಡ್ಡ ಮಲಗಿಸಿ ಎಷ್ಟು ದಿನ ಕಾಯುತ್ತೀರಿ?

ಈ ಕಾಗದ ತಲುಪಿದ ದಿನವೇ ಹೇಳಿ. ಮಾರನೆಯ ದಿನವಲ್ಲ.

ಅನಜಾನ್


ಬೋಜ್‌ಯಾಪ್
ಸೆಪ್ಟೆಂಬರ್ ೨, ೧೯೮೪

ಮಗಳೇ ಅನಜಾನ್!

ಕಾಗದ ತಲುಪಿದ ದಿನ ಹೇಳಲಿಲ್ಲ. ಮಾರನೆಯ ದಿನವೂ ಹೇಳಲಿಲ್ಲ. ಅದರ ಮಾರನೆಯ ದಿನ ಹೇಳಬೇಕಾಗಿ ಬಂತು.

ಅವತ್ತು ಅತಾಮುರಾದನ ಮಗಳನ್ನು ಕೇಳಲು ಗಂಡಿನ ಕಡೆಯವರು ಬಂದರು. ಆರು ಜನ. ಮುಂದೆ ಹುಡುಗನ ಅಜ್ಜಿ, ಕೋಲೂರಿಕೊಂಡು, ಎಂಬತ್ತರ ಮುದುಕಿ. ಎಲ್ಲರೂ ಅವಳನ್ನು ‘ದೊಡ್ಡವ್ವ’ ಎನ್ನುತ್ತಿದ್ದರು. ರೊಟ್ಟಿ ಬಂತು, ಪಲಾವ್ ಬಂತು, ಕಲ್ಲಂಗಡಿ ಬಂತು. ಅತಾಮುರಾದನ ಕಣ್ಣು ಅಂಗಳ ಸುತ್ತಿ ತಿಪ್ಪೆಯ ಕಡೆ ಹೋಯಿತು. ಸನ್ನೆ ಮಾಡಿದೆ, ಓಲಾ ಎಲ್ಲಿ? ಅವನು ಮಾಂಸದ ವಾಸನೆಗೆ ಅಡುಗೆಮನೆ ಬಾಗಿಲಲ್ಲಿ ಕೂತಿದ್ದ, ದ್ರೋಹಿ!

ಅತಾಮುರಾದ್ ಚಾಕು ಹಿಡಿದು ಎದ್ದ. ನಾನೂ ಎದ್ದೆ. ಓಡಿಹೋಗಿ ಓಲಾನ ಜಾಗದಲ್ಲಿ ನಾನೇ ಮಲಗಿದೆ. ಹೌದು, ತಿಪ್ಪೆಯ ಮೇಲೆ, ಹೊಸ ಅಂಗಿಯಲ್ಲಿ, ಗಂಡಿನ ಕಡೆಯ ಆರು ಜನರೆದುರು!

‘ಅಣ್ಣಾ! ಏನಾಯ್ತಣ್ಣಾ? ಬಿಸಿಲು ಹೊಡೀತಾ?’

‘ಕೊಯ್ಯಬೇಡ. ಇದು ನಮ್ಮಮ್ಮ.’

ಮಲಗಿದಲ್ಲಿಂದಲೇ ಎಲ್ಲ ಹೇಳಿದೆ. ನೂರು ಬಳ್ಳಿ ಇಲ್ಲ, ಒಂದೂ ಇಲ್ಲ ಎಂದೆ. ಹುಳವಲ್ಲ, ಮೊಳಕೆ ಎಂದೆ. ಕುಸ್ತಿಯಲ್ಲಿ ನೀನು ನನ್ನನ್ನು ಎರಡು ಸಲ ಕೆಡವಿದೆ, ಒಂದು ಸಲ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ ಎಂದೆ. ಅಷ್ಟು ಹೊತ್ತು ನಿಜ ಮಾತಾಡಿ ನನಗೆ ಅಭ್ಯಾಸವಿಲ್ಲ, ಗಂಟಲು ಒಣಗಿತು.

ಅತಾಮುರಾದನ ಮುಖ ಬಿಳಿಚಿತು. ಮನೆಗೆ ಸಂಬಂಧ ಬೆಳೆಸಲು ಬಂದ ಅತಿಥಿಗಳು ಕಣ್ಣಿಂದ ನೋಡಿದ ಹಣ್ಣು. ಕೊಯ್ಯದಿದ್ದರೆ ಇವನ ಮಾನ ಹೋಗುತ್ತದೆ, ಕೊಯ್ದರೆ ನನ್ನ ತಾಯಿ ಹೋಗುತ್ತಾಳೆ. ‘ಬೆಕ್ಚಾನಣ್ಣ, ಮೊದ್ಲೇ ಹೇಳಿದ್ರೆ ಗೂಡು ಕಟ್ಟಿ ಕಾಯ್ತಿದ್ನಲ್ಲ. ಈಗ ನಾನೇನ್ ಮಾಡ್ಲಿ?’ ಎಂದ. ಅಳುವವನ ದನಿ.

ಆಗ ದೊಡ್ಡವ್ವ ಕೋಲೂರಿ ಎದ್ದು ಬಂದಳು. ನನ್ನನ್ನು ಕೋಲಿನಿಂದ ಪಕ್ಕಕ್ಕೆ ತಳ್ಳಿ ಹಣ್ಣು ನೋಡಿದಳು.

‘ಅತಾಮುರಾದ್, ಈ ಹಣ್ಣು ಯಾರಿಗೆ?’

‘ನಿಮಗೇ, ದೊಡ್ಡವ್ವ.’

‘ಪೂರ್ತಿ ನಂಗೇ?’

‘ಪೂರ್ತಿ ನಿಮಗೇ.’

‘ಬೇರೆ ಯಾರಿಗೂ ಪಾಲಿಲ್ಲ?’

‘ಇಲ್ಲ.’

‘ಸರಿ, ತಗೊಂಡೆ. ಇನ್ಮೇಲೆ ಇದು ನಂದು. ನನ್ನ ಹಣ್ಣು ಎಲ್ಲಿರ್ಬೇಕು ಅಂತ ನಾನು ಹೇಳ್ತೀನಿ. ಅದು ಬಳ್ಳೀಲೇ ಇರ್ಲಿ. ಮದುವೆ ದಿನ ಬಂದು ತಿಂತೀನಿ. ಅಷ್ಟರಲ್ಲಿ ಯಾರಾದ್ರೂ ಮುಟ್ಟಿದ್ರೆ ಕಳ್ಳತನ ಆಗುತ್ತೆ, ನೋಡು.’ ಆಮೇಲೆ ನನ್ನ ಕಡೆ ತಿರುಗಿ, ‘ಏಳಪ್ಪ ಮೇಲೆ. ನಿಮ್ಮಮ್ಮನ ಮೇಲೆ ಸಗಣಿ ಹತ್ತಿಸ್ತಿದೀಯ’ ಎಂದಳು.

ಅತಾಮುರಾದ್ ನಕ್ಕ ನಗು ಕತಾಯಾಪ್‌ಗೂ ಕೇಳಿರಬೇಕು! ಸಂಬಂಧವೂ ಅಲ್ಲೇ ಕುದು‍ರಿತು. ಅವತ್ತೇ ಅವನು ನಾಲ್ಕು ಗೂಟ ನೆಟ್ಟು ಬಲೆ ಕಟ್ಟಿದ. ನನ್ನನ್ನು ಮಾತ್ರ ಹತ್ತಿರ ಬಿಡುವುದಿಲ್ಲ. ‘ದೊಡ್ಡವ್ವನ ಮಾಲು, ದೂರ ನಿಲ್ಲಣ್ಣ’ ಎನ್ನುತ್ತಾನೆ.

ಬೆಕ್ಚಾನ್


ಕತಾಯಾಪ್
ಅಕ್ಟೋಬರ್ ೧೬, ೧೯೮೪

ಮಗಳೇ,

ಮೊನ್ನೆ ಮದುವೆಯಲ್ಲಿ ಕೊಯ್ದರು. ದೊಡ್ಡವ್ವನೇ ಚಾಕು ಹಿಡಿದಳು. ಚಾಕು ತಾಗಿದ್ದಷ್ಟೇ, ಹಣ್ಣು ಟಪ್ಪೆಂದು ತಾನಾಗಿ ಸೀಳಿತು! ಅಂಗಳದ ತುಂಬ ಪರಿಮಳ, ಡೋಲು ಬಾರಿಸುವವರು ಕೈ ನಿಲ್ಲಿಸಿದರು. ತುಟಿಗೆ ತುಟಿ ಅಂಟಿಕೊಳ್ಳುವ ಸಿಹಿ. ಮುದುಕಿ ಒಂದೇ ಹೋಳು ತಿಂದು ಉಳಿದದ್ದನ್ನು ಹಂಚಿಸಿದಳು.

ಒಂದು ಮಾತು ನಿನಗೆ ಮಾತ್ರ ಬರೆಯುತ್ತೇನೆ, ಖುದೈನಜರನಿಗೆ ತಿಳಿಯಬಾರದು. ನಾನು ಇಷ್ಟು ವರ್ಷ ಬೆಳೆದ ಯಾವ ಹಣ್ಣೂ ಇಷ್ಟು ಸಿಹಿಯಾಗಿರಲಿಲ್ಲ. ನನ್ನ ಕೈ ಸೋಕದೆ, ಬೇರೆಯವರ ತಿಪ್ಪೆಯಲ್ಲಿ ಬೆಳೆದದ್ದಕ್ಕೆ ಹೀಗಾಯಿತು. ಅದನ್ನು ಒಪ್ಪಿಕೊಳ್ಳಲು ಎರಡು ದಿನ ಬೇಕಾಯಿತು.

ಬೀಜ ಚೆನ್ನಾಗಿ ಬಲಿತಿದ್ದವು, ಬಂಗಾರದ ಬಣ್ಣ. ನಾನು ಎಲ್ಲವನ್ನೂ ಕಟ್ಟಿಕೊಂಡು ಹೊರಡಬೇಕು ಎಂದುಕೊಂಡಿದ್ದೆ. ಆದರೆ ದೊಡ್ಡವ್ವ ನನ್ನ ಕಡೆ ನೋಡಿದಳು. ನಾನೇ ಎದ್ದು, ಬಂದವರ ಅಂಗೈಗೆಲ್ಲ ಒಂದೊಂದು ಚಿಟಿಕೆ ಹಾಕಿದೆ. ಗುರ್ಲಾನಿನವರು, ಖೊಂಕಾದವರು, ನದಿಯಾಚೆಯವರು. ಆ ಟ್ರ್ಯಾಕ್ಟರ್ ಚಾಲಕನೂ ಬಂದಿದ್ದ. ಇನ್ನು ಒಂದು ಟೋಪಿ ಕಳೆದರೂ, ಹತ್ತು ಟೋಪಿ ಕಳೆದರೂ ಈ ಹಣ್ಣು ಸಾಯುವುದಿಲ್ಲ. ನಿನ್ನ ಪಾಲು ಈ ಲಕೋಟೆಯಲ್ಲಿದೆ. ಇನ್ನೊಂದು ಲಕೋಟೆ ನಾಳೆಯ ಅಂಚೆಗೆ ಹಾಕುತ್ತೇನೆ, ನೀನು ಹೇಳಿದ ಹಾಗೆ.

ಮನಸ್ಸಿಗೆ ಚುಚ್ಚಿದ್ದು ಒಂದೇ. ಬೀಜ ಇಸಕೊಂಡವರೆಲ್ಲ, ‘ಇದೇನಾ ಆ ಟೋಪಿ ಹಣ್ಣು?’ ಎಂದು ಕೇಳಿದರು. ಬಿಕಜಾನ್, ಬಿಕಜಾನ್ ಎಂದು ನಾನು ಗಂಟಲು ಹರಿಯುವಂತೆ ಕೂಗಿದೆ. ‘ಆಯ್ತಣ್ಣ, ಆಯ್ತು’ ಎಂದು ಬೆನ್ನು ತಟ್ಟಿ, ಟೋಪಿ ಹಣ್ಣಿನ ಬೀಜ ಜೋಪಾನ ಎಂದು ಹೆಂಡತಿಗೆ ಹೇಳಿ ಗಾಡಿ ಹತ್ತಿದರು. ಕಥೆ ಹಣ್ಣಿಗಿಂತ ಮೊದಲೇ ಊರೂರು ತಲುಪಿದೆ. ಖೊರೆಜ್ಮ್‌ನಲ್ಲಿ ಇನ್ನು ನನ್ನ ಕೈಲಿ ಏನೂ ಆಗುವುದಿಲ್ಲ.

ಚುಸ್ತ್‌ನಲ್ಲಿ ಇದನ್ನು ಇನ್ನೂ ಯಾರೂ ಯಾವ ಹೆಸರಿನಿಂದಲೂ ಕರೆದಿಲ್ಲ. ಆದ್ದರಿಂದ ಬೀಜವನ್ನು ಅಂಗೈಗೆ ಸುರಿದುಕೊಳ್ಳುವ ಮೊದಲೇ ಅಂಗಳದ ನಡುವೆ ನಿಂತು, ನಿಮ್ಮತ್ತೆಗೆ ಕೇಳುವ ಹಾಗೆ, ಗೋಡೆಯಾಚೆಯ ಮನೆಗಳಿಗೂ ಕೇಳುವ ಹಾಗೆ, ನಿನ್ನ ಅಜ್ಜಿಯ ಹೆಸರನ್ನು ಒಂದು ಸಲ ಗಟ್ಟಿಯಾಗಿ ಹೇಳು. ಮೊದಲು ಕಿವಿಗೆ ಬಿದ್ದದ್ದೇ ಉಳಿಯುತ್ತದೆ, ಮಗಳೇ.

ಬೆಕ್ಚಾನ್